ಜನರ ಓಡಾಟ ಮತ್ತು ಸೋಂಕು ರೋಗಗಳ ಹಾದಿ

1846ರ ಮಾರ್ಚ್ 20ರಂದು ಕೋಪನ್‌ಹೇಗನ್ ನಗರದಿಂದ ಒಬ್ಬ ಬಡಗಿ ಹಡಗು ಹತ್ತಿ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಗೆ ಹೊರಟ. ಹೊರಡುವ ಮುನ್ನ ಅವನು ದಡಾರ ಬಂದು ಮಲಗಿದ್ದ ಕೆಲವರನ್ನು ನೋಡಿಕೊಂಡು ಬಂದಿದ್ದ. ಎಂಟು ದಿನಗಳ ಪ್ರಯಾಣ ಮುಗಿಸಿ 28ರಂದು ಟೋರ್ಶಾವ್ನ್ ಬಂದರಿನಲ್ಲಿ ಇಳಿದಾಗ ಆರೋಗ್ಯವಾಗಿಯೇ ಇದ್ದ; ಏಪ್ರಿಲ್ ಮೊದಲ ವಾರದಲ್ಲಿ ಮೈಮೇಲೆ ದಡಾರದ ಗುಳ್ಳೆಗಳೆದ್ದವು. ಆ ದ್ವೀಪಗಳಲ್ಲಿ ಆಗ ಇದ್ದದ್ದು 7,782 ಜನ. ಮುಂದಿನ ಕೆಲವೇ ತಿಂಗಳಲ್ಲಿ ಅವರಲ್ಲಿ ಸುಮಾರು 6,000 ಜನರಿಗೆ ದಡಾರ ತಗುಲಿತು. ಅಲ್ಲಿಗೆ ದಡಾರ ಹಿಂದೆ ಬಂದದ್ದು 1781ರಲ್ಲಿ, ಅಂದರೆ ಅರವತ್ತೈದು ವರ್ಷಗಳ ಹಿಂದೆ. ನಡುವಿನ ಅಷ್ಟೂ ಕಾಲ ಸಮುದ್ರವೇ ಅವರನ್ನು ಕಾಪಾಡಿತ್ತು.

ಡೆನ್ಮಾರ್ಕಿನ ಸರ್ಕಾರ ಇದನ್ನು ವಿಚಾರಿಸಲು ಪೀಟರ್ ಲುಡ್ವಿಗ್ ಪಾನುಮ್ ಎಂಬ ವೈದ್ಯನನ್ನು ಕಳುಹಿಸಿತು. ಆತನಿಗೆ ಆಗಿನ್ನೂ ಇಪ್ಪತ್ತೈದು ವರ್ಷ. ಅವನ ಕೈಯಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ, ದಡಾರಕ್ಕೆ ವೈರಸ್ ಕಾರಣ ಎಂದು ಲೋಕಕ್ಕೆ ಇನ್ನೂ ತಿಳಿದಿರಲಿಲ್ಲ. ಅವನು ಊರಿಂದೂರಿಗೆ ಹೋಗಿ ಮನೆಮನೆಯಲ್ಲಿ ಕೇಳಿದ್ದು ಮುಖ್ಯವಾಗಿ ಒಂದೇ ಬಗೆಯ ಪ್ರಶ್ನೆ: ನೀವು ಯಾವ ದಿನ ಎಲ್ಲಿಗೆ ಹೋಗಿದ್ದಿರಿ, ನಿಮ್ಮ ಮನೆಗೆ ಯಾರು ಬಂದಿದ್ದರು, ಗುಳ್ಳೆ ಯಾವ ದಿನ ಕಂಡಿತು? ಟ್ಯೋರ್ನುವಿಕ್ ಎಂಬ ಹಳ್ಳಿಯಲ್ಲಿ ಅವನಿಗೆ ಸಿಕ್ಕ ಉತ್ತರ ಬಹಳ ಸ್ಪಷ್ಟವಾಗಿತ್ತು. ಆ ಹಳ್ಳಿಯ ಹತ್ತು ಮಂದಿ ಜೂನ್ 4ರಂದು ಒಂದು ದೋಣಿಯಲ್ಲಿ ವೆಸ್ಟ್‌ಮನ್ನಾ ಎಂಬಲ್ಲಿಗೆ ತಿಮಿಂಗಿಲ ಬೇಟೆಗೆ ಹೋಗಿದ್ದರು. ಜೂನ್ 18ರಂದು ಹತ್ತೂ ಜನರಿಗೆ ಒಟ್ಟಿಗೆ ಗುಳ್ಳೆಗಳೆದ್ದವು. ಇಂಥ ಹಲವು ಲೆಕ್ಕಗಳನ್ನು ಜೋಡಿಸಿ, ಸೋಂಕು ತಗುಲಿದ ದಿನದಿಂದ ಗುಳ್ಳೆ ಏಳುವವರೆಗೆ ಹದಿಮೂರು ಹದಿನಾಲ್ಕು ದಿನಗಳು ಬೇಕೆಂದು ಪಾನುಮ್ ತೋರಿಸಿದ. 1781ರಲ್ಲಿ ದಡಾರ ಬಂದು ಬದುಕುಳಿದಿದ್ದ ಮುದುಕರಿಗೆ ಈ ಬಾರಿ ರೋಗ ಬರಲಿಲ್ಲವೆಂಬುದನ್ನೂ ಅವನೇ ದಾಖಲಿಸಿದ.

ಈ ಪ್ರಸಂಗವನ್ನು ಮೊದಲಿಗೇ ಹೇಳಲು ಕಾರಣವಿದೆ. ಸೋಂಕು ರೋಗದ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ರೋಗಾಣುವಿನ ಬಗ್ಗೆ ಮಾತನಾಡುತ್ತೇವೆ. ಪಾನುಮ್‌ಗೆ ರೋಗಾಣುವಿನ ಪರಿಚಯವೇ ಇರಲಿಲ್ಲ, ಆದರೂ ಜನ ಎಲ್ಲಿಗೆ ಯಾವಾಗ ಹೋಗಿ ಬಂದರು ಎಂಬ ವಿವರವೊಂದರಿಂದಲೇ ಅವನು ರೋಗದ ಮುಖ್ಯ ಲಕ್ಷಣಗಳನ್ನು ಹಿಡಿದ. ಬಹುಪಾಲು ರೋಗಾಣುಗಳು ತಾವಾಗಿ ಹೆಚ್ಚು ದೂರ ಹೋಗಲಾರವು. ಅವು ನಮ್ಮ ಉಸಿರಿನಲ್ಲಿ, ರಕ್ತದಲ್ಲಿ, ಕರುಳಿನಲ್ಲಿ, ಒಮ್ಮೊಮ್ಮೆ ನಮ್ಮ ಸಾಮಾನು ಸರಂಜಾಮಿನಲ್ಲಿ ಕುಳಿತು ನಾವು ಹೋದಲ್ಲಿಗೆ ಬರುತ್ತವೆ. ಹಾಗಾಗಿ ಸೋಂಕು ಎಷ್ಟು ದೂರ ಹೋದೀತು ಎಂಬ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು: ಸೋಂಕು ತಗುಲಿದ ಮೇಲೆ ಇತರರಿಗೆ ಹರಡುವಷ್ಟು ಬಲಿಯಲು ಎಷ್ಟು ದಿನ, ಮತ್ತು ಅಷ್ಟು ದಿನಗಳಲ್ಲಿ ಆ ಮನುಷ್ಯ ಎಷ್ಟು ದೂರ ಹೋಗಬಲ್ಲ? ಆ ಬಡಗಿಯ ಹಡಗು ಎಂಟು ದಿನದ ಬದಲು ಎಂಟು ವಾರ ತೆಗೆದುಕೊಂಡಿದ್ದರೆ ದಡಾರ ಹಡಗಿನಲ್ಲೇ ಹುಟ್ಟಿ ಅಲ್ಲೇ ಮುಗಿದುಹೋಗುವ ಸಂಭವ ಹೆಚ್ಚಿತ್ತು. ಪ್ರಯಾಣದ ಅವಧಿ ರೋಗದ ಗುಪ್ತ ಅವಧಿಗಿಂತ, ಅಂದರೆ ಸೋಂಕು ತಗುಲಿದಂದಿನಿಂದ ರೋಗ ಕಾಣಿಸಿಕೊಳ್ಳುವವರೆಗಿನ ದಿನಗಳಿಗಿಂತ, ಕಡಿಮೆಯಾದ ದಿನ ಸಮುದ್ರವೂ ಬೆಟ್ಟವೂ ಅಡ್ಡಿಯಾಗುವುದನ್ನು ನಿಲ್ಲಿಸುತ್ತವೆ.

ನಮ್ಮ ನಾಡಿನಲ್ಲಿ ಆ ದಿನ ಬಂದದ್ದು ರೈಲಿನೊಡನೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗ್ 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಬಂದರು ಪ್ರದೇಶದಲ್ಲಿ ಪತ್ತೆಯಾಯಿತು. ಮುಂಬಯಿಯಿಂದ ಲಕ್ಷಾಂತರ ಜನ ಊರುಗಳಿಗೆ ಓಡಿದರು. ಆ ವೇಳೆಗೆ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಪುಣೆಯ ಕಡೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಾದು ಬೆಂಗಳೂರಿನವರೆಗೆ ಬಂದಿದ್ದವು, ಹುಬ್ಬಳ್ಳಿಯಲ್ಲಿ ಆ ಕಂಪನಿಯ ದೊಡ್ಡ ಕಾರ್ಯಾಗಾರವಿತ್ತು. ಪ್ಲೇಗ್ ಧಾರವಾಡ ಮತ್ತು ಹುಬ್ಬಳ್ಳಿಯ ಸೀಮೆಗೆ ಬಂತು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇಂದು ನಾವು ಹಳೆಯ ಬೆಂಗಳೂರೆಂದು ಪ್ರೀತಿಯಿಂದ ಕರೆಯುವ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳೂ ಗಾಳಿಬೆಳಕಿನ ನಿವೇಶನಗಳೂ ಆ ಪ್ಲೇಗಿನ ಭಯದೊಡನೆ ಸೇರಿಕೊಂಡ ಚರಿತ್ರೆ.

ಸರ್ಕಾರ ಮಾಡಿದ್ದೇನು? 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಜ್ವರವಿದೆಯೇ, ತೊಡೆಸಂದಿಯಲ್ಲಿ ಕಂಕುಳಲ್ಲಿ ಗಡ್ಡೆಯಿದೆಯೇ ಎಂದು ನೋಡಿದರು, ಹೆಂಗಸರನ್ನೂ ಬಿಡಲಿಲ್ಲ. ಜನರಿಗಾದ ಅವಮಾನ ಸಣ್ಣದಲ್ಲ. ಇಷ್ಟಾದರೂ ಪ್ಲೇಗ್ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಪ್ಲೇಗಿನ ಗುಪ್ತ ಅವಧಿ ಎರಡರಿಂದ ಆರು ದಿನ. ಮುಂಬಯಿಯಲ್ಲಿ ನಿನ್ನೆ ಸೋಂಕು ತಗುಲಿದವನು ಇವತ್ತು ನಿಲ್ದಾಣದಲ್ಲಿ ಆರೋಗ್ಯವಂತನಂತೆಯೇ ನಿಂತಿರುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಗಡ್ಡೆಯ ಪ್ಲೇಗನ್ನು ಸಾಗಿಸುತ್ತಿದ್ದದ್ದು ಇಲಿಗಳ ಮೇಲಿನ ಚಿಗಟಗಳು. 1898ರಲ್ಲಿ ಪೌಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದರೂ ಬಹುಕಾಲ ಯಾರೂ ನಂಬಲಿಲ್ಲ. ಅಧಿಕಾರಿಗಳು ಮನುಷ್ಯನ ಮೈಯನ್ನು ತಡಕುತ್ತಿದ್ದಾಗ ಪಕ್ಕದ ವ್ಯಾಗನ್ನಿನಲ್ಲಿ ಧಾನ್ಯದ ಚೀಲಗಳೂ ಇಲಿಗಳೂ ನಿರಾತಂಕವಾಗಿ ಮುಂದಿನ ಊರಿಗೆ ಹೋಗುತ್ತಿದ್ದವು.

ಇಲ್ಲಿಯೇ ನಮ್ಮ ಹಳ್ಳಿಗಳ ತಿಳಿವಳಿಕೆಯ ಬಗ್ಗೆ ಒಂದು ಮಾತು. ಪ್ಲೇಗ್ ಬಂತೆಂದರೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಸಂಗತಿಯನ್ನು ನಿಮ್ಮ ಮನೆಯ ಹಿರಿಯರು ಅವರ ಹಿರಿಯರಿಂದ ಕೇಳಿರುತ್ತಾರೆ. ಇಲಿ ಸತ್ತು ಬಿದ್ದರೆ ಊರು ಬಿಡಬೇಕೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಅದು ಸರಿಯಾದ ಕ್ರಮವೂ ಆಗಿತ್ತು, ಏಕೆಂದರೆ ಜನ ಹೊರಟರು, ಇಲಿಗಳು ಮನೆಯಲ್ಲೇ ಉಳಿದವು. ಅಂದರೆ ಒಂದೇ ರೋಗದಲ್ಲಿ ಮುಂಬಯಿಯಿಂದ ಹುಬ್ಬಳ್ಳಿಗೆ ಗಂಟುಮೂಟೆಯೊಡನೆ ಹೋದ ದೀರ್ಘ ಪ್ರಯಾಣ ರೋಗವನ್ನು ಹಬ್ಬಿಸಿತು, ಮನೆಯಿಂದ ಹೊಲಕ್ಕೆ ಹೋದ ಅರ್ಧ ಮೈಲಿಯ ಪ್ರಯಾಣ ಜೀವ ಉಳಿಸಿತು. ಜನ ಓಡಾಡಿದರೆ ರೋಗ ಹರಡುತ್ತದೆ, ನಿಂತರೆ ನಿಲ್ಲುತ್ತದೆ ಎಂಬ ಸರಳ ಸೂತ್ರ ಇದರ ಮುಂದೆ ನಿಲ್ಲುವುದಿಲ್ಲ. ಯಾವ ರೋಗ, ಅದನ್ನು ಹೊತ್ತೊಯ್ಯುವುದು ಏನು, ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನು ಪ್ರತಿ ಸಲ ಹೊಸದಾಗಿ ಕೇಳಬೇಕಾಗುತ್ತದೆ.

ರೈಲಿನ ಕಾಲದವರೆಗೆ ರೋಗದ ಹಾದಿಯನ್ನು ಭೂಪಟದ ಮೇಲೆ ಗೆರೆ ಎಳೆದು ತೋರಿಸಬಹುದಾಗಿತ್ತು. ವಿಮಾನದ ಕಾಲದಲ್ಲಿ ಆ ಗೆರೆ ಕಡಿದುಹೋಯಿತು. 2003ರ ಫೆಬ್ರವರಿ 21ರಂದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ವೈದ್ಯರೊಬ್ಬರು ಹಾಂಗ್‌ಕಾಂಗಿನ ಒಂದು ಹೋಟೆಲಿನ ಒಂಬತ್ತನೆಯ ಮಹಡಿಯಲ್ಲಿ ತಂಗಿದರು. ಅವರಿಗೆ ಸಾರ್ಸ್ ಎಂಬ ಹೊಸ ಶ್ವಾಸಕೋಶದ ಸೋಂಕು ತಗುಲಿತ್ತು. ಅಲ್ಲಿ ತಂಗಿದ್ದ ಇತರ ಅತಿಥಿಗಳು ಕೆಲವೇ ದಿನಗಳಲ್ಲಿ ಅದನ್ನು ಹನೋಯಿ, ಸಿಂಗಪುರ, ಟೊರೊಂಟೊಗಳಿಗೆ ಒಯ್ದರು. ಹಾಂಗ್‌ಕಾಂಗಿಗೆ ಹತ್ತಿರದ ಎಷ್ಟೋ ಊರುಗಳನ್ನು ಮುಟ್ಟದ ರೋಗ ಸಾಗರದಾಚೆಯ ಟೊರೊಂಟೊವನ್ನು ಮೊದಲೇ ಮುಟ್ಟಿತು. ಡಿರ್ಕ್ ಬ್ರಾಕ್‌ಮನ್ ಎಂಬ ಜರ್ಮನಿಯ ಭೌತವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ಲೆಕ್ಕಕ್ಕೆ ತಂದ ಬಗೆ ಸೊಗಸಾಗಿದೆ. 2006ರಲ್ಲಿ ಅವರು ಅಮೆರಿಕದ ಡಾಲರ್ ನೋಟುಗಳ ಹಾದಿಯನ್ನು ಅಧ್ಯಯನ ಮಾಡಿದರು. ಅಲ್ಲಿ ಜನ ತಮ್ಮ ಕೈಗೆ ಬಂದ ನೋಟಿನ ಸಂಖ್ಯೆಯನ್ನು ಹವ್ಯಾಸಕ್ಕಾಗಿ ಒಂದು ಜಾಲತಾಣದಲ್ಲಿ ದಾಖಲಿಸುತ್ತಿದ್ದರು. ನೋಟು ತಾನಾಗಿ ಹೋಗುವುದಿಲ್ಲ, ಮನುಷ್ಯನ ಜೇಬಿನಲ್ಲೇ ಹೋಗಬೇಕು. ನಾಲ್ಕು ಲಕ್ಷಕ್ಕೂ ಹೆಚ್ಚು ನೋಟುಗಳ ಲೆಕ್ಕದಿಂದ ತಿಳಿದದ್ದು ಇದು: ಬಹುಪಾಲು ಚಲನೆಗಳು ಬಹಳ ಚಿಕ್ಕವು, ಆದರೆ ಅಪರೂಪಕ್ಕೊಮ್ಮೆ ಬಹಳ ದೊಡ್ಡ ನೆಗೆತವಿರುತ್ತದೆ, ಮತ್ತು ಆ ಅಪರೂಪದ ನೆಗೆತಗಳು ನಾವು ಎಣಿಸುವುದಕ್ಕಿಂತ ಹೆಚ್ಚು ಬಾರಿ ಆಗುತ್ತವೆ. ಬೆಂಕಿಯ ಸಾಲು ಹೊಲದಲ್ಲಿ ನಿಧಾನವಾಗಿ ಹರಿಯುತ್ತಿರುವಾಗ ಒಂದು ಕಿಡಿ ಹಾರಿ ದೂರದ ಬಣವೆಗೆ ಬಿದ್ದಂತೆ ಎಂದರೆ ನಿಮಗೆ ಸುಲಭವಾಗಿ ತಿಳಿದೀತು.

2013ರಲ್ಲಿ ಅದೇ ಬ್ರಾಕ್‌ಮನ್ ಮತ್ತು ಡಿರ್ಕ್ ಹೆಲ್ಬಿಂಗ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎರಡು ಊರುಗಳ ನಡುವಿನ ದೂರವನ್ನು ಕಿಲೊಮೀಟರಿನಲ್ಲಿ ಅಳೆಯದೆ ಅವುಗಳ ನಡುವೆ ಎಷ್ಟು ಪಾಲು ಜನ ಓಡಾಡುತ್ತಾರೆ ಎಂಬುದರಿಂದ ಅಳೆದರು. ಹಾಗೆ ಅಳೆದಾಗ, ಗೊಂದಲವಾಗಿ ಕಾಣುತ್ತಿದ್ದ ಸಾರ್ಸ್ ಮತ್ತು 2009ರ ಎಚ್1ಎನ್1 ಜ್ವರದ ಹರಡುವಿಕೆ, ಕೇಂದ್ರದಿಂದ ಸುತ್ತಲೂ ಸಮವಾಗಿ ಹಬ್ಬಿದ ಅಲೆಯಂತೆ ಕಂಡಿತು. ಈ ಅಳತೆಯಲ್ಲಿ ಬೆಂಗಳೂರಿಗೆ ದುಬೈ ಬಹಳ ಹತ್ತಿರ. ಮಲೆನಾಡಿನ ಒಂದು ಒಳಗಿನ ಹಳ್ಳಿ, ರಸ್ತೆಯಲ್ಲಿ ಅದೇ ದಿನ ತಲುಪಬಹುದಾದರೂ, ಬಹಳ ದೂರ.

ಸಾರ್ಸ್ ಅಷ್ಟು ದೂರ ನೆಗೆದರೂ ಎಂಟು ಸಾವಿರ ಚಿಲ್ಲರೆ ಜನರಿಗೆ ತಗುಲಿ, 774 ಜನರನ್ನು ಕೊಂದು 2003ರ ಜುಲೈ ಹೊತ್ತಿಗೆ ಹಿಡಿತಕ್ಕೆ ಬಂತು. ಕೋವಿಡ್ ಹಾಗೆ ಬರಲಿಲ್ಲ. ಎರಡೂ ಒಂದೇ ಕುಟುಂಬದ ವೈರಸ್‌ಗಳು. ವ್ಯತ್ಯಾಸದ ಒಂದು ದೊಡ್ಡ ಪಾಲು ಓಡಾಟಕ್ಕೆ ಸಂಬಂಧಿಸಿದ್ದು. ಸಾರ್ಸ್ ರೋಗಿ ಹೆಚ್ಚಾಗಿ ಸೋಂಕು ಹರಡುತ್ತಿದ್ದದ್ದು ರೋಗದ ಎರಡನೆಯ ವಾರದಲ್ಲಿ, ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದ ಮೇಲೆ. ಹಾಸಿಗೆ ಹಿಡಿದವನು ಬಸ್ಸು ಹತ್ತುವುದಿಲ್ಲ, ಮದುವೆಗೆ ಹೋಗುವುದಿಲ್ಲ. ಹಾಗಾಗಿ ಆಸ್ಪತ್ರೆಯೊಳಗೆ ಎಚ್ಚರ ವಹಿಸಿದರೆ ಸರಪಳಿ ತುಂಡಾಗುತ್ತಿತ್ತು. ಕೋವಿಡ್‌ನಲ್ಲಿ ಜ್ವರ ಬರುವ ಒಂದೆರಡು ದಿನ ಮುಂಚೆಯೇ, ಮನುಷ್ಯ ತನ್ನ ಎಂದಿನ ಕೆಲಸಕ್ಕೆ ತಿರುಗಾಡುತ್ತಿರುವಾಗಲೇ ಸೋಂಕು ಹರಡುತ್ತದೆ. ದಡಾರವೂ ಹೀಗೆಯೇ, ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದಲೇ ಹರಡುತ್ತದೆ. ಕಾಯಿಲೆ ಬಿದ್ದವರ ಓಡಾಟ ನಿಲ್ಲುತ್ತದೆ ಎಂದೆನಾದರೂ, ಅವರ ಸುತ್ತಲಿನವರ ಓಡಾಟ ಹೆಚ್ಚುತ್ತದೆಂಬುದನ್ನು ಸೇರಿಸಲೇಬೇಕು: ನೋಡಲು ನೆಂಟರು ಬರುತ್ತಾರೆ, ಆರೈಕೆಗೆ ಅಕ್ಕನೋ ಅತ್ತೆಯೋ ಬಂದು ನಿಲ್ಲುತ್ತಾರೆ, ಸಣ್ಣ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಪಟ್ಟಣದಲ್ಲಿ ಒಂಟಿಯಾಗಿದ್ದವರು ಹುಟ್ಟಿದ ಊರಿಗೆ ಮರಳುತ್ತಾರೆ. ಇವೆಲ್ಲ ಪ್ರೀತಿಯಿಂದ ಆಗುವ ಪ್ರಯಾಣಗಳು, ಯಾವ ಆದೇಶದಿಂದಲೂ ಪೂರ್ತಿ ನಿಲ್ಲುವಂಥವಲ್ಲ.

ದೂರದ ಪ್ರಯಾಣ ಕಣ್ಣಿಗೆ ಎದ್ದು ಕಾಣುತ್ತದೆ. ದಿನನಿತ್ಯದ ಸಣ್ಣ ಓಡಾಟ ಕಾಣುವುದಿಲ್ಲ. ಡೆಂಗಿಯನ್ನು ತೆಗೆದುಕೊಳ್ಳಿ. ಅದನ್ನು ಹರಡುವ ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ, ಸಾಮಾನ್ಯವಾಗಿ ತಾನು ಹುಟ್ಟಿದ ನೀರಿನ ತೊಟ್ಟಿಯ ಸುತ್ತಮುತ್ತಲಿನ ಕೆಲವು ಮನೆಗಳಲ್ಲೇ ಜೀವ ಸವೆಸುತ್ತದೆ, ಕಚ್ಚುವುದೂ ಹಗಲು ಹೊತ್ತಿನಲ್ಲಿ. ಹಾಗಿದ್ದರೆ ಒಂದು ಬೀದಿಯ ಡೆಂಗಿ ಇನ್ನೊಂದು ಬಡಾವಣೆಗೆ ಹೋಗುವುದು ಹೇಗೆ? ಪೆರು ದೇಶದ ಇಕಿಟೋಸ್ ನಗರದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೋಗಿಗಳು ಹಿಂದಿನ ಎರಡು ವಾರ ಯಾವ ಯಾವ ಮನೆಗಳಿಗೆ ಹೋಗಿದ್ದರೆಂದು ಕೇಳಿ, ಆ ಮನೆಗಳವರನ್ನು ಪರೀಕ್ಷಿಸಲಾಯಿತು. ಸೋಂಕು ಸಾಗಿದ್ದು ನೆಂಟರು, ಸ್ನೇಹಿತರು ಹಗಲು ಹೊತ್ತು ಹೋಗಿ ಬರುವ ಮನೆಗಳ ಜಾಲದಲ್ಲಿ. ನಮ್ಮಲ್ಲಿ ಒಂದು ಡೆಂಗಿ ಪ್ರಕರಣ ವರದಿಯಾದರೆ ರೋಗಿಯ ಮನೆಯ ಸುತ್ತ ಹೊಗೆ ಹಾಕಿ ಬರುತ್ತೇವೆ. ಆ ಹುಡುಗ ಹಗಲೆಲ್ಲ ಶಾಲೆಯಲ್ಲಿದ್ದ, ಸಂಜೆ ಅಜ್ಜಿಯ ಮನೆಯಲ್ಲಿದ್ದ, ಮನೆಗೆ ಬಂದದ್ದು ಮಲಗಲು ಮಾತ್ರ ಎಂದಾದರೆ ಸೊಳ್ಳೆ ಕಚ್ಚಿದ್ದು ಎಲ್ಲಿ? ಆಸ್ಪತ್ರೆಯ ದಾಖಲೆಯಲ್ಲಿ ರಾತ್ರಿ ಮಲಗುವ ವಿಳಾಸವಿರುತ್ತದೆ, ಹಗಲು ಕಳೆಯುವ ವಿಳಾಸಕ್ಕೆ ಜಾಗವಿರುವುದಿಲ್ಲ. ಅಲ್ಲಿ ಇನ್ನೊಂದು ಸಾಲು ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ, ಅದನ್ನು ಮಾಡಲೇಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಸಣ್ಣ ಓಡಾಟವೂ ದೊಡ್ಡ ನೆಗೆತವೂ ಆದ ಮೇಲೆ ಮೂರನೆಯದೊಂದಿದೆ, ನಮ್ಮ ರಾಜ್ಯಕ್ಕೆ ಬಹಳ ಹತ್ತಿರವಾದದ್ದು: ಋತುವಿನೊಡನೆ ಹೋಗಿ ಋತುವಿನೊಡನೆ ಮರಳುವ ಓಡಾಟ. ಆಫ್ರಿಕದ ನೈಜರ್ ದೇಶದಲ್ಲಿ ಪ್ರತಿ ವರ್ಷ ಒಣ ಋತುವಿನಲ್ಲಿ ದಡಾರ ಏರಿ ಮಳೆ ಬಿದ್ದೊಡನೆ ಇಳಿಯುತ್ತಿತ್ತು. ಹವೆಯೇ ಕಾರಣವೆಂದು ಊಹಿಸಬಹುದಿತ್ತು. 2011ರಲ್ಲಿ ನೀತಾ ಭಾರ್ತಿ ಮತ್ತು ಸಂಗಡಿಗರು ಉಪಗ್ರಹಗಳು ರಾತ್ರಿಯಲ್ಲಿ ತೆಗೆದ ಚಿತ್ರಗಳಲ್ಲಿ ನಿಯಾಮೆ, ಮರಾಡಿ, ಜಿಂಡರ್ ನಗರಗಳ ಬೆಳಕಿನ ಏರಿಳಿತವನ್ನು ಅಳೆದರು. ಬೇಸಾಯವಿಲ್ಲದ ಒಣ ತಿಂಗಳುಗಳಲ್ಲಿ ಜನ ಕೆಲಸ ಹುಡುಕಿ ನಗರಕ್ಕೆ ಬರುತ್ತಾರೆ, ಬೆಳಕು ಹೆಚ್ಚುತ್ತದೆ, ದಟ್ಟಣೆಯೊಡನೆ ದಡಾರವೂ ಹೆಚ್ಚುತ್ತದೆ. ಮಳೆ ಬಂದಾಗ ಹೊಲಗಳಿಗೆ ಮರಳುತ್ತಾರೆ, ಬೆಳಕೂ ದಡಾರವೂ ತಗ್ಗುತ್ತವೆ.

ಇದನ್ನು ಓದಿದಾಗ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆಯವರಿಗೆ ಏನು ನೆನಪಾಗುತ್ತದೆಂದು ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಗುಳೆ ಹೊರಡುವ ಕುಟುಂಬಗಳು ಬೆಂಗಳೂರು, ಮುಂಬಯಿ, ಪುಣೆ, ಗೋವಾಗಳ ಕಟ್ಟಡ ಕೆಲಸಕ್ಕೆ ಹೋಗಿ ಮುಂಗಾರಿನ ಹೊತ್ತಿಗೆ ಮರಳುತ್ತವೆ. ಇನ್ನೊಂದು ಕಡೆ ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಗದ್ದೆಗಳಿಗೆ ಮರಾಠವಾಡದಿಂದ ಕಟಾವಿನ ಗ್ಯಾಂಗುಗಳು ಎತ್ತಿನ ಗಾಡಿ, ಮಕ್ಕಳುಮರಿ ಸಮೇತ ಬಂದು ಕಾರ್ಖಾನೆ ನಿಲ್ಲುವವರೆಗೆ ಇರುತ್ತವೆ. ಇವರ ಹಾದಿ ಗುಟ್ಟಿನದಲ್ಲ, ಯಾವ ಊರಿನವರು ಯಾವ ತಿಂಗಳು ಯಾವ ಊರಿಗೆ ಹೋಗುತ್ತಾರೆಂಬುದು ಬಸ್ಸಿನ ಕಂಡಕ್ಟರಿಗೂ ಮುಂಗಡ ಕೊಡುವ ಮೇಸ್ತ್ರಿಗೂ ಗೊತ್ತು. ಆರೋಗ್ಯ ಇಲಾಖೆಯ ಯೋಜನೆಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಕೀನ್ಯಾದಲ್ಲಿ ಆಮಿ ವೆಸೊಲೊವ್‌ಸ್ಕಿ, ಕ್ಯಾರೊಲಿನ್ ಬಕ್ಕಿ ಮುಂತಾದವರು 2012ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ದಾರಿ ತೋರಿಸುತ್ತದೆ. ಹೆಸರು, ಸಂಖ್ಯೆ ತೆಗೆದುಹಾಕಿದ ಸುಮಾರು ಒಂದೂವರೆ ಕೋಟಿ ಮೊಬೈಲ್ ಫೋನುಗಳ ಒಂದು ವರ್ಷದ ಟವರ್ ದಾಖಲೆಗಳನ್ನು ಅವರು ಮಲೇರಿಯಾದ ಭೂಪಟದೊಡನೆ ಹೊಂದಿಸಿದರು. ಅತಿಥಿಯಾಗಿ ಬಂದವರ ಪ್ರಯಾಣವನ್ನೂ ಊರಿಗೆ ಹೋಗಿ ಮರಳುವ ನಿವಾಸಿಗಳ ಪ್ರಯಾಣವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದಾಗ, ವಿಕ್ಟೋರಿಯಾ ಸರೋವರದ ಸುತ್ತಲಿನ ಪ್ರದೇಶದಿಂದ ರಾಜಧಾನಿ ನೈರೋಬಿಯ ಕಡೆಗೆ ಮಲೇರಿಯಾದ ಪರಾವಲಂಬಿಗಳು ಹರಿಯುತ್ತಿರುವುದು ಕಂಡಿತು. ಮಲೇರಿಯಾದ ಸೊಳ್ಳೆ ಅಷ್ಟು ದೂರ ಹಾರುವುದಿಲ್ಲ, ಪರಾವಲಂಬಿ ಹೋಗುವುದು ಮನುಷ್ಯನ ರಕ್ತದಲ್ಲಿ. ನಗರದಲ್ಲಿ ಎಷ್ಟು ಔಷಧಿ ಸಿಂಪಡಿಸಿದರೂ ಮೂಲದ ಪ್ರದೇಶದಲ್ಲಿ ಕೆಲಸ ಮಾಡದಿದ್ದರೆ ಬರುವುದು ಬರುತ್ತಲೇ ಇರುತ್ತದೆ. ಇಂಥ ದಾಖಲೆಗಳನ್ನು ಬಳಸುವಾಗ ವ್ಯಕ್ತಿಯ ಗುರುತು ಎಂದಿಗೂ ಹೊರಬೀಳಬಾರದು. ಬೇಕಾಗಿರುವುದು ಒಬ್ಬ ಮನುಷ್ಯ ಎಲ್ಲಿ ಹೋದ ಎಂಬುದಲ್ಲ, ಒಂದು ತಾಲೂಕಿನಿಂದ ಇನ್ನೊಂದಕ್ಕೆ ಯಾವ ತಿಂಗಳು ಎಷ್ಟು ಜನ ಹೋದರು ಎಂಬ ಒಟ್ಟು ಲೆಕ್ಕ ಮಾತ್ರ.

ಇಷ್ಟೆಲ್ಲ ಕೇಳಿದ ಮೇಲೆ ಸಹಜವಾಗಿ ಬರುವ ಪ್ರಶ್ನೆ, ಓಡಾಟವನ್ನೇ ನಿಲ್ಲಿಸಿಬಿಟ್ಟರೆ ಆಗದೇ ಎಂಬುದು. ಆಗುವ ಸಂದರ್ಭಗಳಿವೆ. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ತಾಲೂನ್ ಎಂಬ ಹಡಗು ಇನ್‌ಫ್ಲುಯೆಂಜಾ ರೋಗಿಗಳನ್ನು ಪಶ್ಚಿಮ ಸಮೋವಾದ ಆಪಿಯಾ ಬಂದರಿನಲ್ಲಿ ಇಳಿಸಿತು. ಮುಂದಿನ ವಾರಗಳಲ್ಲಿ ಅಲ್ಲಿನ ಜನರಲ್ಲಿ ಐದರಲ್ಲೊಂದು ಪಾಲು ಸತ್ತರು. ಪಕ್ಕದ ಅಮೆರಿಕನ್ ಸಮೋವಾದ ರಾಜ್ಯಪಾಲ ಜಾನ್ ಪೋಯರ್ ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದರು. ಅಲ್ಲಿ ಆ ಜ್ವರಕ್ಕೆ ಒಬ್ಬರೂ ಸಾಯಲಿಲ್ಲ. ಆದರೆ ಅದು ಒಂದೆರಡು ಬಂದರುಗಳಿರುವ ಸಣ್ಣ ದ್ವೀಪ, ಸೋಂಕು ಇನ್ನೂ ಒಳಗೆ ಬಂದಿರಲಿಲ್ಲ. ನೂರಾರು ರಸ್ತೆಗಳಿರುವ ದೊಡ್ಡ ನಾಡಿಗೆ ಬೇರೆ ಗಣಿತವಿದೆ, ಅದನ್ನು ಇಲ್ಲಿಯೇ ಮಾಡಿ ನೋಡೋಣ. ಹೊರಗಿನ ಒಂದು ಊರಿನಲ್ಲಿ ಸೋಂಕಿತರ ಸಂಖ್ಯೆ ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಬರುವ ಹತ್ತು ಜನರಲ್ಲಿ ಒಂಬತ್ತು ಜನರನ್ನು ತಡೆದಿರಿ, ದೊಡ್ಡ ಸಾಧನೆ. ಆದರೆ ಅಲ್ಲಿನ ಸೋಂಕು ಹತ್ತು ಪಟ್ಟಾಗಲು ಬೇಕಾಗುವುದು ಹತ್ತೇ ದಿನ. ಹತ್ತು ದಿನದ ಬಳಿಕ ಬರುವ ಆ ಒಬ್ಬನೊಡನೆ, ಮೊದಲು ಹತ್ತು ಜನ ತರುತ್ತಿದ್ದಷ್ಟೇ ಅಪಾಯ ಬರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಜನರನ್ನು ತಡೆದರೂ ಸಿಗುವುದು ಇಪ್ಪತ್ತು ದಿನ. 2020ರ ಜನವರಿ 23ರಂದು ವುಹಾನ್ ನಗರವನ್ನು ಮುಚ್ಚಿದಾಗ ಆದದ್ದೂ ಇದನ್ನೇ ಹೋಲುತ್ತದೆ: ಆಗ ನಡೆದ ಒಂದು ಪ್ರಮುಖ ಅಂದಾಜಿನ ಪ್ರಕಾರ, ಚೀನಾದ ಒಳಗೆ ಸೋಂಕಿನ ಮುನ್ನಡೆ ಮೂರರಿಂದ ಐದು ದಿನಗಳಷ್ಟೇ ತಡವಾಯಿತು, ಹೊರದೇಶಗಳಿಗೆ ಹೋಗುವುದು ಫೆಬ್ರವರಿ ಮಧ್ಯದವರೆಗೆ ಸುಮಾರು ಶೇಕಡ 80ರಷ್ಟು ತಗ್ಗಿತು. ಗಡಿ ಮುಚ್ಚಿದರೆ ಸಿಗುವುದು ಸಮಯ. ಆ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಪರೀಕ್ಷಾಲಯ, ಲಸಿಕೆ ಸಿದ್ಧವಾದರೆ ಅದು ಬೆಲೆಬಾಳುತ್ತದೆ.

ನಮ್ಮ ದೇಶದ 2020ರ ಅನುಭವವನ್ನು ಈ ಗಣಿತದೊಡನೆ ಇಟ್ಟು ನೋಡಬೇಕು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾಗಿ ನಡುರಾತ್ರಿಯಿಂದ ಲಾಕ್‌ಡೌನ್ ಜಾರಿಗೆ ಬಂದಾಗ ದೇಶದಲ್ಲಿ ಪತ್ತೆಯಾಗಿದ್ದ ಪ್ರಕರಣಗಳು ಐನೂರರ ಆಸುಪಾಸು. ಶ್ರಮಿಕ ವಿಶೇಷ ರೈಲುಗಳು ಹೊರಟದ್ದು ಮೇ 1ರಿಂದ, ಆಗ ಪ್ರಕರಣಗಳು ಮೂವತ್ತೈದು ಸಾವಿರ. ಕೂಲಿ ನಿಂತು, ಬಾಡಿಗೆ ಕಟ್ಟಲಾಗದೆ, ಒಂದೇ ಕೋಣೆಯಲ್ಲಿ ಹಲವರು ಮಲಗುವ ಮುಂಬಯಿಯ ವಸತಿಗಳಲ್ಲಿ ಐದು ವಾರಗಳಿಗೂ ಹೆಚ್ಚು ಕಾಲ ಸಿಕ್ಕಿಬಿದ್ದಿದ್ದ ಜನ, ನಗರದಲ್ಲಿ ಸೋಂಕು ಏರಿದ ಮೇಲೆ ಊರಿಗೆ ಬಂದರು. ಮೇ ತಿಂಗಳಲ್ಲಿ ಮಂಡ್ಯ, ಯಾದಗಿರಿ, ಕಲಬುರಗಿಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರಲ್ಲಿ ಸೋಂಕು ಹೆಚ್ಚಾಗಿ ಕಂಡಿತು. ಆಗ ಅವರನ್ನು ಊರಿಗೆ ರೋಗ ತಂದವರೆಂದು ಬೈದದ್ದನ್ನು, ಹಳ್ಳಿಯ ದಾರಿಗೆ ಮುಳ್ಳು ಕಡಿದು ಹಾಕಿದ್ದನ್ನು ನಾವು ನೋಡಿದ್ದೇವೆ. ಮಾರ್ಚಿನ ಕೊನೆಗೇ ವ್ಯವಸ್ಥಿತವಾಗಿ ಕಳುಹಿಸಿ, ಊರಿನ ಶಾಲೆಯಲ್ಲಿ ಹದಿನಾಲ್ಕು ದಿನ ಊಟ ಕೊಟ್ಟು ಇರಿಸಿದ್ದರೆ ಅವರೊಡನೆ ಬರುತ್ತಿದ್ದ ಸೋಂಕು ಬಹಳ ಕಡಿಮೆ ಇರುತ್ತಿತ್ತೆಂಬುದು ನನ್ನ ಖಚಿತ ಅಭಿಪ್ರಾಯ. ಆ ದಿನಗಳ ಆತಂಕದಲ್ಲಿ ತೀರ್ಮಾನ ತೆಗೆದುಕೊಳ್ಳುವುದು ಸುಲಭವಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ಜನ ಒಂದಲ್ಲ ಒಂದು ದಿನ ಊರಿಗೆ ಹೊರಟೇ ಹೊರಡುತ್ತಾರೆಂಬುದು ಮಾರ್ಚಿನಲ್ಲೂ ಗೊತ್ತಿದ್ದ ಸಂಗತಿ.

ಇದಕ್ಕೆ ಎದುರಾಗಿ, ನಾವು ಹೆಮ್ಮೆಪಡಬೇಕಾದ ಎರಡು ಕೆಲಸಗಳು ಇದೇ ದೇಶದಲ್ಲಿ ನಡೆದಿವೆ. 1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿತ್ತು. ಜೆಮ್‌ಶೆಡ್‌ಪುರದ ಕೆಲಸಗಾರರು ಕಾಯಿಲೆ ಬಿದ್ದೊಡನೆ ಟಾಟಾನಗರ ನಿಲ್ದಾಣದಿಂದ ರೈಲು ಹತ್ತಿ ಊರಿಗೆ ಹೋಗುತ್ತಿದ್ದರು, ದೂರದ ಹಳ್ಳಿಗಳಲ್ಲಿ ಸಿಡುಬು ಹೊಸದಾಗಿ ಏಳುತ್ತಿತ್ತು. ಎಲ್ಲೆಡೆಯ ಸಿಡುಬನ್ನು ಹಿಂದಕ್ಕೆ ಜಾಡು ಹಿಡಿದಾಗ ಹಾದಿ ಈ ನಿಲ್ದಾಣಕ್ಕೆ ಬಂದು ಸೇರಿತು. ಆಗ ಲಸಿಕೆ ಹಾಕುವವರೂ ಅಲ್ಲಿಗೇ ಬಂದು ನಿಂತರು. ಮರುವರ್ಷ, 1975ರ ಮೇ 24ರಂದು, ಭಾರತದ ಕೊನೆಯ ಸಿಡುಬು ರೋಗಿ ಪತ್ತೆಯಾದದ್ದೂ ರೈಲು ನಿಲ್ದಾಣದಲ್ಲಿ: ಬಾಂಗ್ಲಾದೇಶದಿಂದ ಬಂದು ಅಸ್ಸಾಮಿನ ಕರೀಂಗಂಜಿನ ಪ್ಲಾಟ್‌ಫಾರಮಿನಲ್ಲಿ ಆಶ್ರಯ ಪಡೆದಿದ್ದ ಒಬ್ಬ ಬಡ ಹೆಂಗಸು. ಆಕೆಗೆ ಮನೆಯಿರಲಿಲ್ಲ, ಹಾಗಾಗಿ ಮನೆಮನೆ ಸಮೀಕ್ಷೆಯೊಂದನ್ನೇ ನಂಬಿದ್ದರೆ ಆಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪೋಲಿಯೊದಲ್ಲಿ ಈ ಪಾಠ ಇನ್ನೂ ವಿಸ್ತಾರವಾಗಿ ಬಳಕೆಗೆ ಬಂತು. ಉತ್ತರ ಪ್ರದೇಶ, ಬಿಹಾರಗಳಿಂದ ವಲಸೆ ಹೋಗುವ ಕುಟುಂಬಗಳ ಮಕ್ಕಳು ಮನೆಗೆ ಹೋದಾಗ ಸಿಗುತ್ತಿರಲಿಲ್ಲ. ಆದ್ದರಿಂದ ಬಸ್ ನಿಲ್ದಾಣ, ರೈಲು ನಿಲ್ದಾಣ, ಓಡುತ್ತಿರುವ ರೈಲಿನ ಬೋಗಿಗಳಲ್ಲೇ ಹನಿ ಹಾಕಿದರು. ಇಟ್ಟಿಗೆ ಭಟ್ಟಿ, ಕಟ್ಟಡದ ಕೆಲಸದ ಜಾಗ, ಅಲೆಮಾರಿಗಳ ಬಿಡಾರಗಳ ಪಟ್ಟಿಗಳನ್ನು ಹೊಸದಾಗಿ ಬರೆದರು. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದ್ದರಿಂದ ಮಗು ಯಾವ ರಾಜ್ಯದ್ದೆಂದು ಕೇಳುವ ಅಗತ್ಯವೇ ಬೀಳಲಿಲ್ಲ. 2011ರ ಜನವರಿ 13ರಂದು ಹೌರಾದಲ್ಲಿ ಕಂಡ ಪ್ರಕರಣವೇ ನಿಸರ್ಗದಲ್ಲಿ ಹರಡುವ ಪೋಲಿಯೊ ವೈರಸ್‌ನಿಂದ ದೇಶದಲ್ಲಿ ಆದ ಕೊನೆಯ ಪ್ರಕರಣವಾಯಿತು. ಯಾರ ಪ್ರಯಾಣವನ್ನೂ ತಡೆಯದೆ, ಪ್ರಯಾಣದ ದಾರಿಯಲ್ಲೇ ನಿಂತು ಮಾಡಿದ ಕೆಲಸ ಅದು.

ನಮ್ಮ ಆರೋಗ್ಯ ವ್ಯವಸ್ಥೆ ಊರಿಗೆ ಕಟ್ಟಿಕೊಂಡಿದೆ. ನಮ್ಮ ಜನ ಊರಿಗೆ ಕಟ್ಟಿಕೊಂಡಿಲ್ಲ. ಬಾಣಂತನದಂಥ ಮನೆಮಾತಿನ ಸಂಗತಿಯನ್ನೇ ನೋಡಿ. ಹೆಣ್ಣುಮಗಳು ಹೆರಿಗೆಗೆ ತವರಿಗೆ ಬರುತ್ತಾಳೆ, ಮಗುವಿಗೆ ಹುಟ್ಟಿದಾಗಿನ ಲಸಿಕೆ, ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳು ತವರಿನ ಉಪಕೇಂದ್ರದಲ್ಲಿ ಆಗುತ್ತವೆ. ಒಂಬತ್ತನೆಯ ತಿಂಗಳ ದಡಾರದ ಲಸಿಕೆ ಗಂಡನ ಊರಿನಲ್ಲಿ ಆಗಬೇಕು, ಎರಡನೆಯ ಡೋಸ್ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ, ಆ ವೇಳೆಗೆ ಕುಟುಂಬ ಗುಳೆ ಹೋಗಿ ಬೆಂಗಳೂರಿನ ಒಂದು ಶೆಡ್ಡಿನಲ್ಲಿರುತ್ತದೆ. ಮೂರು ಊರಿನ ಪಟ್ಟಿಗಳಲ್ಲೂ ಆ ಮಗು ಅರ್ಧಂಬರ್ಧ. ದಡಾರ ತಡೆಯಲು ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ರಕ್ಷಣೆ ಬೇಕು. ಬಿಟ್ಟುಹೋದ ಮಕ್ಕಳೆಲ್ಲ ಒಂದೇ ಶೆಡ್ಡಿನ ಸಾಲಿನಲ್ಲಿ ಸೇರಿದ್ದರೆ ಜಿಲ್ಲೆಯ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ದಡಾರ ಏಳುತ್ತದೆ. ನೀವು ಆಶಾ ಕಾರ್ಯಕರ್ತೆಯರಾಗಿದ್ದರೆ, ಶಾಲೆಯ ಶಿಕ್ಷಕರಾಗಿದ್ದರೆ, ಗುಳೆ ಹೊರಡುವ ಮುನ್ನಿನ ವಾರಗಳಲ್ಲಿ ಮಾಡಬಹುದಾದ ಕೆಲಸ ಬಹಳವಿದೆ: ಹೊರಡುವ ಮನೆಗಳ ಪಟ್ಟಿ, ಬಾಕಿಯಿರುವ ಡೋಸ್‌ಗಳನ್ನು ಅವಧಿ ಬಂದಿದ್ದರೆ ಆಗಲೇ ಮುಗಿಸುವುದು, ಲಸಿಕೆಗಳ ವಿವರವಿರುವ ‘ತಾಯಿ ಕಾರ್ಡ’ನ್ನು ಗಂಟಿನಲ್ಲಿ ಇಟ್ಟುಕೊಳ್ಳಲು ಹೇಳುವುದು, ಹೋಗುವ ಊರಿನ ಹೆಸರನ್ನು ಬರೆದುಕೊಳ್ಳುವುದು.

ಕ್ಷಯದಲ್ಲಿ ಇದು ಇನ್ನೂ ತುರ್ತಿನದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕು, ಗುಳೆಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈಗೆ ಬಲ ಬಂದೊಡನೆ ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ, ಹೊರಡಲೇಬೇಕಾದ ಬಡತನ ಅವನದು. ಕ್ಷಯ ರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ರೋಗಿಯ ದಾಖಲೆಯನ್ನು ಇನ್ನೊಂದು ಜಿಲ್ಲೆಗೆ, ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಲು ಅವಕಾಶವಿದೆ. ಅದು ಬಳಕೆಯಾಗಬೇಕಾದರೆ, ತಾನು ಊರು ಬಿಡುತ್ತಿದ್ದೇನೆಂದು ಆ ಮನುಷ್ಯ ಹೊರಡುವ ಮೊದಲು ಬಂದು ಹೇಳಬೇಕು. ಬೈಗುಳ ಸಿಗುವುದಿಲ್ಲ, ಮಾತ್ರೆ ಸಿಗುತ್ತದೆ ಎಂಬ ನಂಬಿಕೆಯಿದ್ದರೆ ಮಾತ್ರ ಬಂದು ಹೇಳುತ್ತಾನೆ.